ಮಿತವ್ಯಯದ ಮನೆಯಿಂದ ವಿದೇಶ ಪ್ರವಾಸ: ಒಂದು ಲೆಕ್ಕದ ಪಾಠ



ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ದರವನ್ನೂ ಮೈಲುತುತ್ತದ ದಾಸ್ತಾನನ್ನೂ ವಿಚಾರಿಸುವುದು ವಾಡಿಕೆ. ಈಚೆಗೆ ಅದರೊಡನೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಮಕ್ಕಳು ಒಮ್ಮೆ ಹೊರದೇಶ ನೋಡಬೇಕೆನ್ನುತ್ತಾರೆ, ಹೋಗಬಹುದೇ? ಹೋದರೆ ಹಣ ಯಾವ ಬಾಬಿನಿಂದ?" ಕೇಳುವವರು ಸ್ವಲ್ಪ ಸಂಕೋಚದಿಂದಲೇ ಕೇಳುತ್ತಾರೆ. ಪ್ರತಿ ವರ್ಷ ಮಹಾಸಭೆಯಲ್ಲಿ ಮಿತವ್ಯಯದ ಮಾತನ್ನಾಡುವ ಕಾರ್ಯದರ್ಶಿ ಇದಕ್ಕೆ ಏನು ಹೇಳಿಯಾರು ಎಂಬ ಅಳುಕು ಅವರದು.

ನಾವು 2025ರ ಏಪ್ರಿಲ್ ಕೊನೆಯಲ್ಲಿ ಮನೆಯವರೊಡನೆ ಶ್ರೀಲಂಕಾಕ್ಕೆ ಹೋಗಿ ಬಂದೆವು. ಆದ್ದರಿಂದ ಉಪದೇಶಕ್ಕಿಂತ ನಮ್ಮ ಲೆಕ್ಕದ ಪುಸ್ತಕವನ್ನೇ ತೆರೆದಿಡುವುದು ಲೇಸೆಂದು ತೋರಿತು.

1. ಹೆಸರಿಲ್ಲದ ಉಳಿತಾಯ

ಮೊದಲು ನಮ್ಮ ತಪ್ಪನ್ನು ಹೇಳಬೇಕು. ಸಿಲೋನಿನಲ್ಲಿ ಒಂದು ಕಾಲಕ್ಕೆ ಬೆಟ್ಟಬೆಟ್ಟವೇ ಕಾಫಿಯಾಗಿತ್ತು, ಎಲೆ ತುಕ್ಕು ರೋಗದಿಂದ ಎಲ್ಲವೂ ಹೋಯಿತು ಎಂಬ ಕಥೆಯನ್ನು ನಮ್ಮ ತಂದೆಯವರು ಹಿರಿಯರಿಂದ ಕೇಳಿದ್ದರು. ಆ ಬೆಟ್ಟಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವರಿಗೆ ಆಸೆ. 2008ರಲ್ಲಿ ಪಾಸ್‌ಪೋರ್ಟನ್ನೂ ಮಾಡಿಸಿದೆವು. ಆಮೇಲೆ ಪ್ರತಿ ವರ್ಷ "ಮುಂದಿನ ಫಸಲಿಗೆ ಹೋಗೋಣ" ಎಂದೆವು. ಹಣ ಇರಲಿಲ್ಲವೆಂದಲ್ಲ, ಉಳಿತಾಯ ಇತ್ತು. ಆದರೆ ಅದು ಯಾವುದಕ್ಕೆ ಎಂದು ಬರೆದಿಟ್ಟಿರಲಿಲ್ಲ. 2012ರಲ್ಲಿ ಆ ಹಣ ಮನೆಯ ಮುಂದಿನ ಕಾಂಪೌಂಡು ಮತ್ತು ಕಬ್ಬಿಣದ ಗೇಟಾಯಿತು. 2018ರಲ್ಲಿ ಪಾಸ್‌ಪೋರ್ಟಿನ ಅವಧಿ ಮುಗಿದಾಗ ಅದರಲ್ಲಿ ಒಂದು ಮುದ್ರೆಯೂ ಬಿದ್ದಿರಲಿಲ್ಲ. ಮರುವರ್ಷ ತಂದೆಯವರು ತೀರಿಕೊಂಡರು.

ಇದರಿಂದ ಕಲಿತ ಮೊದಲ ಪಾಠ ಇಷ್ಟು. ಹೆಸರಿಲ್ಲದ ಉಳಿತಾಯವನ್ನು ಎದುರಿಗೆ ಬಂದ ಮೊದಲ ಖರ್ಚು ನುಂಗುತ್ತದೆ. ಜಿಪುಣ ಕೂಡಿಡುತ್ತಾನೆ, ಮಿತವ್ಯಯಿ ಒಂದು ಉದ್ದೇಶಕ್ಕೆ ತೆಗೆದಿಡುತ್ತಾನೆ.

2. ಒಳ್ಳೆಯ ವರ್ಷದ ಹಣ ಯಾರದು?

"2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತಲ್ಲ, ಆ ಹಣದಲ್ಲಿ ಹೋದಿರೇನು?" ಎಂದು ಕೆಲವರು ಕೇಳಿದರು. ಇಲ್ಲ. ಆ ಬೆಲೆ ಬಂದದ್ದು ನಮ್ಮ ದುಡಿಮೆಯಿಂದ ಮಾತ್ರವಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಮಿನಲ್ಲಿ ಮಳೆ ಕೈಕೊಟ್ಟದ್ದರಿಂದ. 1994ರಲ್ಲಿಯೂ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತ್ತು. ಏಳೆಂಟು ವರ್ಷ ಕಳೆಯುವುದರೊಳಗೆ, 2001-02ರ ಹೊತ್ತಿಗೆ, ಕೊಯ್ಲಿನ ಕೂಲಿಯೂ ಹುಟ್ಟದಷ್ಟು ಕೆಳಗಿಳಿಯಿತು. ಆ ಕಾಲವನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆದ್ದರಿಂದ ಏರಿದ ಬೆಲೆಯ ಹಣದಿಂದ ಕೆರೆ ಮತ್ತು ಪಂಪ್‌ಸೆಟ್ಟಿಗೆ ಮಾಡಿದ್ದ ದೀರ್ಘಾವಧಿ ಸಾಲವನ್ನು ತೀರಿಸಿದೆವು. ಮಿಕ್ಕದ್ದನ್ನು ಹಳೆಯ ಗಿಡ ಕಿತ್ತು ಹೊಸದು ನೆಡುವ ಬಾಬಿಗೆ ಇಟ್ಟೆವು. ತೋಟದ ಹಣ ತೋಟಕ್ಕೆ. ಪ್ರವಾಸದ ಹಣಕ್ಕೆ ಬೇರೆ ಮೂಲ ಹುಡುಕಿದೆವು.

3. ಬಳ್ಳಿಗೆ ಹೆಸರಿಟ್ಟದ್ದು

2022-23ರ ಫಸಲಿನಿಂದ ಮೂರು ವರ್ಷ, ವರ್ಷಕ್ಕೆ ₹80,000ದಂತೆ ₹2,40,000 ಕೂಡಿಸಬೇಕೆಂದು ಗೊತ್ತುಮಾಡಿಕೊಂಡೆವು. ನಮಗೆ ತಿಂಗಳ ಸಂಬಳವಿಲ್ಲ, ವರ್ಷಕ್ಕೊಮ್ಮೆ ಬರುವ ಹಣ. ಹೀಗಾಗಿ ತಿಂಗಳ ಲೆಕ್ಕ ಕೈಬಿಟ್ಟು ಮೂರು ಬಾಬು ಮಾಡಿದೆವು.

(ಅ) ಮನೆಯ ಹಿಂದಿನ ಸಿಲ್ವರ್ ಮರಗಳಿಗೆ ಹಬ್ಬಿಸಿದ 60 ಮೆಣಸಿನ ಬಳ್ಳಿಗಳನ್ನು "ಪ್ರವಾಸದ ಬಳ್ಳಿ" ಎಂದು ಗುರುತಿಸಿದೆವು. ಬಳ್ಳಿಗೆ ಒಂದೂವರೆ ಕಿಲೋ ಒಣಮೆಣಸಿನಂತೆ 90 ಕಿಲೋ. ಕಿಲೋಗೆ ₹500ರಂತೆ ₹45,000.

(ಆ) ಪೇಟೆ ನಮಗೆ 22 ಕಿಲೋಮೀಟರು. ವಾರಕ್ಕೆ ಮೂರು ಸಲ ಗಾಡಿ ತೆಗೆಯುತ್ತಿದ್ದೆವು. ಒಮ್ಮೆ ಔಷಧಿಗೆ, ಒಮ್ಮೆ ಬೋಲ್ಟು ನಟ್ಟಿಗೆ, ಒಮ್ಮೆ ಸುಮ್ಮನೆ. ಅದನ್ನು ವಾರಕ್ಕೊಂದಕ್ಕೆ ಇಳಿಸಿ, ಬೇಕಾದ್ದನ್ನೆಲ್ಲ ಅಡುಗೆಮನೆಯ ಬಾಗಿಲ ಹಿಂದೆ ಪಟ್ಟಿ ಮಾಡಿದೆವು. ಉಳಿದದ್ದು ವಾರಕ್ಕೆ 88 ಕಿಲೋಮೀಟರು, ಅಂದರೆ ಸುಮಾರು 6 ಲೀಟರು. ಲೀಟರಿಗೆ ₹100 ಎಂದು ಹಿಡಿದರೂ ವರ್ಷಕ್ಕೆ ₹30,000ಕ್ಕೆ ಕಡಿಮೆಯಿಲ್ಲ.

(ಇ) ಬಾಳೆಗೊನೆ ಮಾರಿದ ಹಣ, ವರ್ಷಕ್ಕೆ ₹5,000.

ಈ ಹಣವನ್ನು ಆಯಾ ವರ್ಷವೇ ಸಂಘದಲ್ಲಿ ಪ್ರತ್ಯೇಕ ಠೇವಣಿಯಾಗಿ ಇಟ್ಟೆವು. ಮುಟ್ಟಬಾರದ ಬಾಬುಗಳನ್ನೂ ಅದೇ ದಿನ ಬರೆದುಕೊಂಡೆವು: ಆಳುಗಳ ಕೂಲಿ ಮತ್ತು ಬೋನಸು, ಗೊಬ್ಬರ, ಬೋರ್ಡೋ ದ್ರಾವಣ, ತಾಯಿಯವರ ಔಷಧಿ, ಮಗಳ ಶುಲ್ಕ. ಕೊಳೆ ಔಷಧಿಯ ಒಂದು ಸುತ್ತನ್ನು ತಪ್ಪಿಸಿ ವಿಮಾನದ ಟಿಕೇಟು ಕೊಂಡರೆ ಅಡಿಕೆ ಉದುರಿದಾಗ ಆ ಟಿಕೇಟಿನ ನಿಜವಾದ ಬೆಲೆ ತಿಳಿಯುತ್ತದೆ.

4. ಕೊರತೆ ಬಿದ್ದ ವರ್ಷ

ಎರಡನೆಯ ವರ್ಷ ಸೊರಗು ರೋಗ ಪ್ರವಾಸದ ಬಳ್ಳಿಗಳಿಗೇ ತಗುಲಿತು. ಮೆಣಸಿನಿಂದ ಬಂದದ್ದು ₹15,000 ಮಾತ್ರ. ಉಳಿದ ಬಳ್ಳಿಗಳಿಗೆ ಆರೈಕೆ ಮಾಡಿ, ಪಕ್ಕದ ಸಾಲಿನಿಂದ ಬೇರೆ ಬಳ್ಳಿಗಳನ್ನು ಲೆಕ್ಕಕ್ಕೆ ಸೇರಿಸಿದ್ದರಿಂದ ಮೂರನೆಯ ವರ್ಷ ಪೂರ್ತಿ ಹಣ ಬಂದಿತು. ಆದರೂ ಒಟ್ಟು ₹2,10,000; ₹30,000 ಕಡಿಮೆ.

ಆಗ ನಮಗೂ ಆಸೆ ಹುಟ್ಟಿತೆಂದು ಒಪ್ಪಿಕೊಳ್ಳುತ್ತೇವೆ. ಬೆಳೆಸಾಲದ ಹಣ ಖಾತೆಯಲ್ಲಿತ್ತು. ಬಡ್ಡಿಯೇ ಇಲ್ಲದ ಸಾಲ, ಸ್ವಲ್ಪ ದಿನ ಬಳಸಿಕೊಂಡರೇನು ಎಂದು ರಾತ್ರಿ ಊಟದ ಹೊತ್ತಿಗೆ ಮಾತು ತೆಗೆದೆವು. ಶೂನ್ಯ ಬಡ್ಡಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಎಂಬುದನ್ನು ಊರಿಗೆಲ್ಲ ಹೇಳುವವರು ನಾವೇ! ನಮ್ಮ ಮನೆಯವರು ಸಾರು ಬಡಿಸುತ್ತಲೇ ಹೇಳಿದರು: "ಸಾಲದ ದುಡ್ಡಲ್ಲಿ ಹೋದರೆ ಅತ್ತೆ ಅಲ್ಲಿ ಒಂದು ಎಳನೀರು ಕುಡಿಯೋಕೂ ಹಿಂದೆ ಮುಂದೆ ನೋಡ್ತಾರೆ. ಎರಡು ದಿನ ಕಡಿಮೆ ಮಾಡಿ."

ಇನ್ನೊಂದು ವರ್ಷ ಮುಂದೂಡುವ ದಾರಿಯೂ ಇತ್ತು. ಆದರೆ ತಾಯಿಯವರ ಮಂಡಿ ನಮ್ಮ ಠೇವಣಿಗಾಗಿ ಕಾಯುವಂತಿರಲಿಲ್ಲ. ಒಂಬತ್ತು ದಿನದ ಪ್ರವಾಸವನ್ನು ಏಳು ದಿನಕ್ಕೆ ಇಳಿಸಿ, ಸಮುದ್ರ ತೀರದ ಊರುಗಳನ್ನು ಕೈಬಿಟ್ಟೆವು. ನಾಲ್ಕು ಜನರ ಖರ್ಚು ಹೀಗಾಯಿತು:

ವಿಮಾನ, ಹೋಗಿ ಬರಲು: ₹88,000
ವಸತಿ, 6 ರಾತ್ರಿ, ಎರಡು ಕೋಣೆ: ₹42,000
ಬಾಡಿಗೆ ಕಾರು, 5 ದಿನ: ₹30,000
ಊಟ ತಿಂಡಿ: ₹18,000
ರೈಲು ಮತ್ತು ಪ್ರವೇಶ ಶುಲ್ಕ: ₹15,000
ಪಾಸ್‌ಪೋರ್ಟು, ವಿಮೆ, ಇತರೆ: ₹15,000
ಒಟ್ಟು: ₹2,08,000

ಮಿಕ್ಕ ₹2,000 ಠೇವಣಿಗೆ ಮರಳಿತು. ಹಣಕ್ಕೆ ತಕ್ಕಂತೆ ಪ್ರವಾಸವನ್ನು ಕತ್ತರಿಸಬಹುದು. ಪ್ರವಾಸಕ್ಕೆ ತಕ್ಕಂತೆ ಹಣವನ್ನು ಹಿಗ್ಗಿಸಲು ಹೊರಟರೆ ಅದರ ಹೆಸರು ಸಾಲ.

5. ಯಾವಾಗ ಹೋಗಬೇಕು?

ನಮ್ಮ ಪಂಚಾಂಗ ತೋಟದ್ದು. ನವೆಂಬರಿನಿಂದ ಮಾರ್ಚಿಯವರೆಗೆ ಕೊಯ್ಲು, ಸುಲಿತ, ಒಣಗಿಸುವುದು. ಮಾರ್ಚಿ ಏಪ್ರಿಲಿನಲ್ಲಿ ಹೂಮಳೆಗೆ ಕಾಯುವುದು, ಬಾರದಿದ್ದರೆ ನೀರು ಹಾಯಿಸುವುದು. ಮೇ ಮಧ್ಯದಿಂದ ಗೊಬ್ಬರ, ಬೋರ್ಡೋ. ಇವುಗಳ ನಡುವೆ ಸಿಗುವುದು ಏಪ್ರಿಲ್ ಕೊನೆಯ ವಾರ ಮತ್ತು ಮೇ ಮೊದಲ ವಾರ. ಮಕ್ಕಳಿಗೂ ಆಗ ರಜೆ. ಶ್ರೀಲಂಕಾದಲ್ಲಿ ಏಪ್ರಿಲ್ 13-14ರ ಸುಮಾರಿಗೆ ಸಿಂಹಳ ಮತ್ತು ತಮಿಳು ಹೊಸವರ್ಷ, ಅಂಗಡಿಗಳು ಮುಚ್ಚಿರುತ್ತವೆ. ಮೇ ಕೊನೆಗೆ ಅಲ್ಲಿಯ ನೈಋತ್ಯ ಭಾಗಕ್ಕೂ ಮುಂಗಾರು ಬರುತ್ತದೆ. ಎರಡರ ನಡುವೆ ಹೋದದ್ದು ಅನುಕೂಲವಾಯಿತು.

ಏಳು ದಿನ ತೋಟವನ್ನು ನೆರೆಯ ಬೆಳೆಗಾರರೊಬ್ಬರು ನೋಡಿಕೊಂಡರು. ಅವರು ಹೊರಟಾಗ ನಮ್ಮ ಸರದಿ. ಸಹಕಾರವೆಂದರೆ ಷೇರು ಪತ್ರವಷ್ಟೇ ಅಲ್ಲವಲ್ಲ. ಹೊರಡುವ ಮುನ್ನ ಆಳುಗಳ ಕೂಲಿ ಚುಕ್ತಾ ಮಾಡಿ, ಮೇಸ್ತ್ರಿಯ ಕೈಗೆ ತುರ್ತು ಖರ್ಚಿಗೆ ಹಣ ಕೊಟ್ಟಿದ್ದೆವು.

6. ಕಾಗದಪತ್ರದ ವಿಚಾರ

ವಯಸ್ಕರ 36 ಪುಟದ ಪಾಸ್‌ಪೋರ್ಟಿಗೆ ನಾವು ಕಟ್ಟಿದ ಸಾಮಾನ್ಯ ಶುಲ್ಕ ತಲಾ ₹1,500. ಅವಧಿ ಹತ್ತು ವರ್ಷ. ಪ್ರವಾಸದ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ನೇಪಾಳಕ್ಕೆ ಭಾರತೀಯರು ಮತದಾರರ ಗುರುತಿನ ಚೀಟಿಯ ಮೇಲೂ ಹೋಗಬಹುದು. ಮೊದಲ ಸಲ ಹೋಗುವವರು ಇದನ್ನೂ ಯೋಚಿಸಬಹುದು.

ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಏಜೆಂಟರಿಂದ ವಿದೇಶ ಪ್ರವಾಸದ ಪ್ಯಾಕೇಜು ಕೊಂಡರೆ ಅದರ ಮೇಲೆ ಮೂಲದಲ್ಲಿಯೇ ಆದಾಯ ತೆರಿಗೆ ವಸೂಲು ಮಾಡುತ್ತಾರೆ. ನಾವು ಹೋದಾಗ ₹10 ಲಕ್ಷದವರೆಗೆ ಇದು ಶೇ. 5 ಇತ್ತು. ಅಂದರೆ ₹2,08,000ದ ಪ್ಯಾಕೇಜಿಗೆ ₹10,400. ಈ ದರ ಆಗಾಗ ಬದಲಾಗುತ್ತದೆ, ಹಣ ಕಟ್ಟುವ ದಿನದ ದರವನ್ನು ಕೇಳಿಕೊಳ್ಳಿ. ಇದು ಕಳೆದುಹೋದ ಹಣವಲ್ಲ. ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸಿದರೆ ಕಟ್ಟಬೇಕಾದ ತೆರಿಗೆಗೆ ವಜಾ ಆಗುತ್ತದೆ ಅಥವಾ ಮರಳಿ ಬರುತ್ತದೆ. ಆದರೆ ನಮ್ಮಲ್ಲಿ ಬಹುಮಂದಿಗೆ ಕೃಷಿ ಆದಾಯ ಮಾತ್ರ. ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂದು ವಿವರಪಟ್ಟಿಯನ್ನೇ ಸಲ್ಲಿಸುವುದಿಲ್ಲ. ಸಲ್ಲಿಸದವರ ಹಣ ಸರ್ಕಾರದಲ್ಲಿಯೇ ಉಳಿಯುತ್ತದೆ. ಪ್ಯಾನ್ ಸಂಖ್ಯೆ ಸರಿಯಾಗಿ ನಮೂದಿಸಿ, ಪ್ರಮಾಣಪತ್ರ ಕೇಳಿ ಪಡೆದು, ಆ ವರ್ಷ ತಪ್ಪದೆ ವಿವರಪಟ್ಟಿ ಸಲ್ಲಿಸಿರಿ. ನಾವು ಟಿಕೇಟು ಮತ್ತು ವಸತಿಯನ್ನು ಮಗಳ ಸಹಾಯದಿಂದ ಬೇರೆಬೇರೆಯಾಗಿ ಕಾದಿರಿಸಿಕೊಂಡೆವು. ಪ್ಯಾಕೇಜಿನ ಗೋಜಿಗೆ ಹೋಗಲಿಲ್ಲ.

7. ನೋಡಿ ಬಂದದ್ದು

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ನಮ್ಮ ತೋಟದಿಂದ ಬೆಂಗಳೂರು ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕ್ಯಾಂಡಿ ನೋಡಿ, ಪಕ್ಕದ ಪೆರಾದೆನಿಯ ಸಸ್ಯೋದ್ಯಾನದಲ್ಲಿ ಅರ್ಧ ದಿನ ಕಳೆದು, ಅಲ್ಲಿಂದ ನಾನು ಓಯಾಕ್ಕೆ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ಎರಡೂ ಕಡೆ ಚಹಾ. ಈ ಗುಡ್ಡನಾಡು ಒಂದು ಕಾಲಕ್ಕೆ ಕಾಫಿಯ ಸೀಮೆ. 1869ರಲ್ಲಿ ತುಕ್ಕು ರೋಗ ಕಾಣಿಸಿಕೊಂಡಿತು. ಎರಡು ದಶಕ ಕಳೆಯುವಷ್ಟರಲ್ಲಿ ಕಾಫಿ ಉದ್ಯಮ ಕುಸಿದು ಚಹಾ ಅದರ ಜಾಗಕ್ಕೆ ಬಂದಿತು. ಅದೇ ರೋಗ ನಮ್ಮ ತೋಟಗಳಲ್ಲಿ ಇಂದಿಗೂ ಇದೆ. ತಾಳಿಕೊಳ್ಳುವ ತಳಿ, ರೊಬಸ್ಟಾ, ಬೋರ್ಡೋ, 1925ರಿಂದ ಬಾಳೆಹೊನ್ನೂರಿನಲ್ಲಿ ನಡೆದ ಸಂಶೋಧನೆ, ಇವುಗಳಿಂದ ನಾವು ಉಳಿದುಕೊಂಡಿದ್ದೇವೆ. ಇದನ್ನು ಓದಿ ತಿಳಿದಿದ್ದೆವು. ಆ ಬೆಟ್ಟಗಳ ನಡುವೆ ಎರಡು ಮೂರು ಗಂಟೆ ರೈಲಿನಲ್ಲಿ ಕುಳಿತ ಮೇಲೆ ಬೋರ್ಡೋ ಒಂದು ಸುತ್ತು ಬಿಡೋಣವೇ ಎಂಬ ಮಾತು ನಮ್ಮ ಬಾಯಲ್ಲಿ ಬಂದಿಲ್ಲ.

ತಾಯಿಯವರು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದು, "ನಿನ್ನ ಅಪ್ಪಯ್ಯ ಹೇಳ್ತಿದ್ದದ್ದು ಇದೇ ಗುಡ್ಡ ಇರಬೇಕು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲಿ ಒಂದು ಲೋಟ ಕಾಫಿ ಸಿಗೋದಿಲ್ವೇನೋ?" ಎಂದರು. ಸಿಕ್ಕಿದ್ದು ಚಹಾ. ಕುಡಿದು, ಚೆನ್ನಾಗಿದೆ ಎಂದರು.

ಮನೆಯಲ್ಲಿ ಕುಳಿತು ಮಾಡಬೇಕಾದ ಲೆಕ್ಕ

1. ನಿಮ್ಮ ಉಳಿತಾಯದಲ್ಲಿ ಹೆಸರಿಟ್ಟ ಹಣ ಎಷ್ಟು, ಹೆಸರಿಲ್ಲದ್ದು ಎಷ್ಟು?
2. ಯಾವ ಬಾಬುಗಳನ್ನು ಯಾವ ಕಾರಣಕ್ಕೂ ಕತ್ತರಿಸುವಂತಿಲ್ಲ? ಮನೆಯವರೆಲ್ಲ ಕೂಡಿ ಪಟ್ಟಿ ಮಾಡಿರಿ.
3. ತೋಟದ ಮುಖ್ಯ ಬೆಳೆ ಬಿಟ್ಟು ಪ್ರವಾಸಕ್ಕೆಂದು ಗುರುತಿಸಬಹುದಾದ ಬಳ್ಳಿ, ಮರ ಯಾವುದು? ಅದು ಕೈಕೊಟ್ಟರೆ ಪ್ರವಾಸದಲ್ಲಿ ಏನನ್ನು ಬಿಡುತ್ತೀರಿ?
4. ನಿಮ್ಮ ಮನೆಯಲ್ಲಿ ಕಾಯಲು ಆಗದವರು ಯಾರು?

ನಾಲ್ಕನೆಯ ಪ್ರಶ್ನೆಗೆ ಮೊದಲು ಉತ್ತರ ಬರೆಯಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಹಾಸಿಗೆ ಇದ್ದೂ ಕಾಲು ಮಡಿಚಿಯೇ ಮಲಗಬೇಕೆಂದು ಅವರು ಹೇಳಿರಲಿಲ್ಲ. ಠೇವಣಿಗೆ ಹೆಸರು ಬರೆಸಲು ಸಂಘದ ಕಚೇರಿ ಎಂದಿನಂತೆ ಬೆಳಗ್ಗೆ ತೆರೆದಿರುತ್ತದೆ.

— ಕಾರ್ಯದರ್ಶಿ