ಕೃತಕ ದಂತಪಂಕ್ತಿ ಮತ್ತು ಬಾಯಿಯ ಶಿಲೀಂಧ್ರ: ಔಷಧವು ನೆಲೆ ನಿಲ್ಲುವ ಬಗೆ

ಹಲ್ಲುಗಳನ್ನು ಕಳೆದುಕೊಂಡ ಹಿರಿಯರಿಗೆ ಕೃತಕ ದಂತಪಂಕ್ತಿಯು, ಎಂದರೆ ಹಲ್ಲಿನ ಸೆಟ್ಟು, ವರವೇ ಸರಿ. ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಿಂದ ಬಡ ಕುಟುಂಬಗಳ ವೃದ್ಧರಿಗೂ ಅದು ಉಚಿತವಾಗಿ ದೊರೆಯುವಂತಾಯಿತು. ಪಾಪಿನಾಯಕನಹಳ್ಳಿ, ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ಸದ್ಭಕ್ತರಲ್ಲಿಯೂ ಇದನ್ನು ಧರಿಸುವವರುಂಟು. ಆದರೆ ಹಗಲಿರುಳೂ ತೆಗೆಯದೆ ಧರಿಸಿದಲ್ಲಿ ಅದರಡಿಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವು ಬೆಳೆದು ಅಂಗಳವು ಕೆಂಪೇರುವ ಸಂಭವವಿದೆ. ಕೆಲವರಿಗೆ ಬಾಯಿಯುರಿ, ತುಟಿಯಂಚಿನಲ್ಲಿ ಬಿರುಕು ಉಂಟಾಗಿ ಪ್ರಸಾದ ಸ್ವೀಕರಿಸುವುದೂ ಕಷ್ಟವಾಗುತ್ತದೆ. ಅನೇಕರಿಗೆ ನೋವೇ ಇಲ್ಲದ ಕಾರಣ ರೋಗವು ಗಮನಕ್ಕೇ ಬರುವುದಿಲ್ಲ.

ಇದಕ್ಕೆ ಔಷಧವಿಲ್ಲವೆಂದಲ್ಲ. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ವಿಜ್ಞಾನಿಗಳು 1950ರಲ್ಲಿ ಪ್ರಕಟಿಸಿದ ನಿಸ್ಟಾಟಿನ್ ಇಂದಿಗೂ ಬಳಕೆಯಲ್ಲಿದೆ. ತೊಡಕಿರುವುದು ಔಷಧವು ಬಾಯಿಯಲ್ಲಿ ನಿಲ್ಲದಿರುವುದರಲ್ಲಿ. ಹನಿ ಔಷಧವನ್ನು ಲಾಲಾರಸವು ಬೇಗನೆ ತೊಳೆದು ಗಂಟಲಿಗಿಳಿಸುತ್ತದೆ. ಶಿಲೀಂಧ್ರವಾದರೋ ದಂತಪಂಕ್ತಿಯ ಅಕ್ರಿಲಿಕ್ಕಿನ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿ ಉಳಿಯುತ್ತದೆ.

ಆದಕಾರಣ ಔಷಧವನ್ನು ಹೊತ್ತು, ಬೇಕಾದ ಸ್ಥಳಕ್ಕೆ ಅಂಟಿ, ನಿಧಾನವಾಗಿ ಬಿಡುವ ವಾಹಕ ದ್ರವ್ಯಗಳನ್ನು ಬಳಸುತ್ತಾರೆ. ಮೈಕೊನಜೋಲ್ ಜೆಲ್ ಮತ್ತು ವಸಡಿಗೆ ಅಂಟಿಸುವ ಮಾತ್ರೆ ಈ ಬಗೆಯವು. ದಂತಪಂಕ್ತಿಯ ಒಳಮೈಗೆ ಹಚ್ಚುವ ಮೃದು ಲೇಪನದಲ್ಲಿಯೇ ಔಷಧವನ್ನು ಬೆರೆಸುವ ಕ್ರಮವನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ವಾಹಕಗಳಲ್ಲಿ ಸೆಲ್ಯುಲೋಸ್ ಜನ್ಯವಾದವು ಸಸ್ಯಮೂಲದವು, ಆಲ್ಜಿನೇಟ್ ಕಡಲಪಾಚಿಯದು. ಕೈಟೋಸಾನ್ ಸಾಮಾನ್ಯವಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ, ಜೆಲಾಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಬರುತ್ತವೆ. ಸಸ್ಯಾಹಾರ ವ್ರತವುಳ್ಳವರು ಸಂಕೋಚಪಡದೆ ವೈದ್ಯರನ್ನು ವಿಚಾರಿಸಬೇಕು. ಸಂಶಯದಿಂದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಅದನ್ನು ಮೊದಲೇ ತಿಳಿಸಲೇಬೇಕು. ಮೈಕೊನಜೋಲಿನೊಡನೆ ಅದು ಸೇರಿದರೆ ಅಪಾಯಕರ ರಕ್ತಸ್ರಾವವಾಗಬಹುದು. ಬಾಯಿಗೆ ಹಚ್ಚುವ ಜೆಲ್ಲಿಗೂ ಈ ಮಾತು ಅನ್ವಯಿಸುತ್ತದೆ.

ವಾಹಕವು ಎಷ್ಟೇ ಉತ್ತಮವಾಗಿರಲಿ, ನಿತ್ಯದ ಶುಚಿಯಿಲ್ಲದೆ ರೋಗವು ಮರಳುತ್ತದೆ. ಆದ್ದರಿಂದ ನಾವು ಪಾಲಿಸಬೇಕಾದವು ಇವು:

1. ರಾತ್ರಿ ಮಲಗುವಾಗ ದಂತಪಂಕ್ತಿಯನ್ನು ತೆಗೆದು, ತೊಳೆದು, ಶುದ್ಧವಾದ ತಣ್ಣೀರಿನಲ್ಲಿಡಬೇಕು. ಕುದಿನೀರಿನಲ್ಲಿ ಅದು ಸೊಟ್ಟಗಾಗುತ್ತದೆ.

2. ಮೃದು ಬ್ರಷ್ಷು ಮತ್ತು ಸಾಬೂನಿನಿಂದ ಉಜ್ಜಬೇಕು. ಬೂದಿ, ಇದ್ದಿಲು, ಉಪ್ಪು ಬೇಡ. ಅವು ಮೂಡಿಸುವ ಗೀರುಗಳಲ್ಲಿ ಶಿಲೀಂಧ್ರವು ನೆಲೆಸುತ್ತದೆ.

3. ಅಂಗಳ, ವಸಡು, ನಾಲಗೆಗಳನ್ನೂ ದಿನವೂ ಶುಚಿಗೊಳಿಸಬೇಕು.

4. ಮಧುಮೇಹವನ್ನು ಹತೋಟಿಯಲ್ಲಿಡಬೇಕು. ಸೆಟ್ಟು ಸಡಿಲವಾದರೆ ಸರಿಪಡಿಸಿಕೊಳ್ಳಬೇಕು.

ಅಂಗಳ ಕೆಂಪಾಗಿದ್ದರೆ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ ತೋರಿಸಬಹುದು. ನೋವಿಲ್ಲದ ರೋಗವನ್ನು ಹಿರಿಯರು ತಾವಾಗಿ ಹೇಳಲಾರರು. ಮನೆಯ ಕಿರಿಯರೇ ಆಗಾಗ ದಂತಪಂಕ್ತಿಯನ್ನು ತೆಗೆಸಿ, ಬೆಳಕಿನಲ್ಲಿ ಅವರ ಬಾಯಿಯನ್ನು ನೋಡಲಿ. ಇದೂ ಹಿರಿಯರ ಸೇವೆಯೇ.