ಬೀಗಕ್ಕೂ ಮುಂಚೆ ಬಾಗಿಲು ಎಣಿಸು

ತಮ್ಮಾ, ಆಸ್ಪತ್ರೆಗೆ ನ್ಯಾಕ್ (ನೆಟ್‌ವರ್ಕ್ ಆಕ್ಸೆಸ್ ಕಂಟ್ರೋಲ್) ಹಾಕುವ ಕೆಲಸ ನಿನ್ನ ಪಾಲಿಗೆ ಬಂದಿದೆಯೆಂದು ಕೇಳಿ ಸಂತೋಷವಾಯಿತು. ದಾರಿಹೋಕನೊಬ್ಬ ವಾರ್ಡಿನ ಗೋಡೆಯ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ರೋಗಿಗಳ ದಾಖಲೆಯ ಹತ್ತಿರ ಹೋಗುವಂತಿರಬಾರದು. ಆದರೆ ವೆಂಡರ್‌ಗಳ ಡೆಮೊಗೆ ಕೂರುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಕಟ್ಟಡವನ್ನೆಲ್ಲ ಸುತ್ತು. ಯಾವ ಪೋರ್ಟಿನಲ್ಲಿ ಏನಿದೆ, ಅದು ಯಾರದು, ನಿಂತರೆ ಯಾರಿಗೆ ತೊಂದರೆ, ಎಲ್ಲ ಬರೆದುಕೋ.

ಇದನ್ನು ನಾನು ಕಲಿತದ್ದು ಒಂದು ಸೋಮವಾರ. ಹಿಂದಿನ ರಾತ್ರಿ ಎಲ್ಲ ಪೋರ್ಟುಗಳಿಗೂ ಒಟ್ಟಿಗೆ ಬೀಗ ಜಡಿದಿದ್ದೆವು. ಬೆಳಿಗ್ಗೆ ಏಳಕ್ಕೆ ಲ್ಯಾಬಿನಿಂದ ಫೋನು. ರಕ್ತದ ಟ್ಯೂಬಿಗೆ ಅಂಟಿಸುವ ಬಾರ್‌ಕೋಡ್ ಲೇಬಲ್ಲಿನ ಪ್ರಿಂಟರ್ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಓಡಿಹೋಗಿ ನೋಡಿದರೆ ಸಿಸ್ಟರ್ ಒಬ್ಬರು ಟ್ಯೂಬಿಗೆ ಪ್ಲಾಸ್ಟರ್ ಸುತ್ತಿ ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದರು. ಸಾಲಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರು. ಆ ಎರಡು ಟ್ಯೂಬುಗಳು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿವೆ.

ಈ ಬೀಗದ ಹಿಂದಿರುವ 802.1ಎಕ್ಸ್ ಪದ್ಧತಿಯಲ್ಲಿ ಸ್ವಿಚ್ಚು ಬಂದ ಯಂತ್ರವನ್ನು ಯಾರೆಂದು ಕೇಳಿ, ಉತ್ತರವನ್ನು ರೇಡಿಯಸ್ ಸರ್ವರಿಗೆ ದಾಟಿಸುತ್ತದೆ. ಅದು ಒಪ್ಪಿದರೆ ದಾರಿ. ಲ್ಯಾಪ್‌ಟಾಪ್ ಉತ್ತರ ಕೊಡುತ್ತದೆ. ಹಳೇ ಪ್ರಿಂಟರ್, ಕ್ಯಾಮೆರಾ, ಹಾಜರಿಯ ಬೆರಳಚ್ಚು ಯಂತ್ರ ಬಾಯಿ ಬಿಡುವುದಿಲ್ಲ. ಅವನ್ನು ಮ್ಯಾಕ್ ವಿಳಾಸದಿಂದ ಗುರುತಿಸಬೇಕಾಗುತ್ತದೆ. ಆ ವಿಳಾಸವನ್ನು ನಕಲು ಮಾಡುವುದು ಸುಲಭ. ಹಾಗಾಗಿ ಅವುಗಳಿಗೆ ಬೇರೆ ವಿಲ್ಯಾನ್ ಕೊಟ್ಟು, ಬೇಕಾದ ಸರ್ವರಿಗಷ್ಟೇ ದಾರಿ ಬಿಡು.

ಕೊಳ್ಳುವ ನ್ಯಾಕ್ ಸಿಸ್ಕೋ ಐಸ್ ಇರಲಿ, ಅರೂಬಾ ಕ್ಲಿಯರ್‌ಪಾಸ್ ಇರಲಿ, ನಿನ್ನ ಈಗಿನ ಸ್ವಿಚ್ಚುಗಳ ಜೊತೆ ಹೊಂದುತ್ತದೆಯೇ ಎಂದು ನಿನ್ನದೇ ರ್‍ಯಾಕಿನಲ್ಲಿ ಹಾಕಿ ನೋಡು. ಪ್ಯಾಕೆಟ್‌ಫೆನ್ಸ್‌ಗೆ ಲೈಸೆನ್ಸಿನ ಖರ್ಚಿಲ್ಲ, ಆದರೆ ಲಿನಕ್ಸ್ ಬಲ್ಲವರು ಬೇಕು. ಪಾಸ್‌ವರ್ಡಿಗಿಂತ ಸರ್ಟಿಫಿಕೇಟ್ ಭದ್ರ. ಅದರ ಅವಧಿ ಮುಗಿಯುವ ದಿನವನ್ನು ಇಬ್ಬರ ಕ್ಯಾಲೆಂಡರಿನಲ್ಲಾದರೂ ಬರೆದಿಡು. 2022ರ ಸರ್ಟ್-ಇನ್ ಆದೇಶದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಅದಕ್ಕೆ ಬೇಕಾಗುವ ಡಿಸ್ಕಿನ ಲೆಕ್ಕವೂ ಬಜೆಟ್ಟಿನಲ್ಲಿರಲಿ.

ರೇಡಿಯಸ್ ಸರ್ವರ್ ಎರಡಿರಲಿ. ಎರಡೂ ಬಿದ್ದಾಗ ಐಸಿಯು ಪೋರ್ಟುಗಳು ತೆರೆದಿರಬೇಕೋ ಮುಚ್ಚಿರಬೇಕೋ? ಅದನ್ನು ನೀನೊಬ್ಬನೇ ತೀರ್ಮಾನಿಸಬೇಡ. ಮೆಡಿಕಲ್ ಸೂಪರಿಂಟೆಂಡೆಂಟರ ಜೊತೆ ಕೂತು ಮಾತಾಡಿ, ಅವರ ಸಹಿ ತೆಗೆದುಕೋ.

ಮೊದಲ ಒಂದೆರಡು ತಿಂಗಳು ಯಾರನ್ನೂ ತಡೆಯದೆ ಮಾನಿಟರ್ ಮೋಡಿನಲ್ಲಿ ಬಿಡು. ತಿಂಗಳ ಕೊನೆಗೆ ಮಾತ್ರ ಏಳುವ ಯಂತ್ರಗಳು ಅಕೌಂಟ್ಸಿನಲ್ಲಿ ಇದ್ದೇ ಇರುತ್ತವೆ. ಮೇಲಿನವರು ಅವಸರ ಮಾಡಿದರೆ ಆ ಮೋಡಿನಲ್ಲಿ ಕಂಡ ಗುರುತಿಲ್ಲದ ಯಂತ್ರಗಳ ಪಟ್ಟಿಯನ್ನೇ ಅವರ ಮುಂದಿಡು. ಆಮೇಲೆ ಬೀಗ ಹಾಕುವಾಗ ಮೊದಲು ನಿಮ್ಮ ಐಟಿ ಕೋಣೆ, ನಂತರ ಆಡಳಿತ ಕಚೇರಿ, ಹೀಗೆ ಒಂದೊಂದೇ ಮಹಡಿ. ಲ್ಯಾಬ್ ಕೊನೆಗೆ. ಅದರ ಸರದಿ ಬಂದ ದಿನ ಬೆಳಿಗ್ಗೆ ಆರೂವರೆಗೆ ಲೇಬಲ್ ಪ್ರಿಂಟರಿನ ಪಕ್ಕದಲ್ಲಿ ನಿಂತಿರು. ಮೊದಲ ಲೇಬಲ್ ಹೊರಬಂದು ಟ್ಯೂಬಿಗೆ ಅಂಟುವವರೆಗೆ ಅಲ್ಲಿಂದ ಕದಲಬೇಡ.