ಎದೆಯ ಮೇಲೆ ಆಗದಿದ್ದರೆ ಪೋರ್ಟ್ ಎಲ್ಲಿ?

ಪ್ರಶ್ನೆ: ನನಗೆ 47 ವರ್ಷ, ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತೇನೆ. ನಾಲ್ಕು ವರ್ಷದ ಹಿಂದೆ ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕಂಕುಳಿನ ಗ್ರಂಥಿಗಳನ್ನೂ ತೆಗೆದು, ಕರೆಂಟ್ ಕೊಟ್ಟಿದ್ದರು. ಈಗ ಬಲಗಡೆಯೂ ಗಂಟು ಬಂದಿದೆ. ಕೈಯಲ್ಲಿ ನರ ಸಿಗುವುದಿಲ್ಲ, ಕೀಮೋಗೆ ಪೋರ್ಟ್ ಹಾಕಲೇಬೇಕು, ಆದರೆ ಎದೆಯ ಮೇಲೆ ಕಷ್ಟ, ಬಲತೋಳಿನಲ್ಲಿ ಇಲ್ಲವೇ ತೊಡೆಯಲ್ಲಿ ನೋಡೋಣ ಎನ್ನುತ್ತಾರೆ. ಅಷ್ಟು ದೂರದಲ್ಲಿಟ್ಟರೆ ಔಷಧ ಸರಿಯಾಗಿ ತಲುಪುತ್ತದೆಯೇ? ತೊಡೆ ಎಂದರೆ ಪ್ರತಿ ಸಲ ಸೀರೆ ಸರಿಸಬೇಕಲ್ಲ ಎಂದು ನೆನೆದೇ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ಔಷಧದ ಮಾತು ಮುಗಿಸೋಣ ತಾಯಿ, ಆ ಭಯ ಬಿಟ್ಟುಬಿಡಿ. ಚರ್ಮದಡಿ ಕೂರುವ ಆ ಪುಟ್ಟ ಡಬ್ಬಿ ಬರೀ ಬಾಗಿಲು. ಅದರಿಂದ ಹೊರಟ ತೆಳು ಕೊಳವೆಯ ತುದಿ ಎಲ್ಲಿ ನಿಲ್ಲುತ್ತದೆ ಎನ್ನುವುದೇ ಮುಖ್ಯ. ಕತ್ತಿನಿಂದ ಹೋಗಲಿ, ತೋಳಿನಿಂದ ಹೋಗಲಿ, ತುದಿ ನಿಲ್ಲುವುದು ಹೃದಯಕ್ಕೆ ರಕ್ತ ತರುವ ದೊಡ್ಡ ನಾಳದ ಬಾಯಲ್ಲಿ. ತೊಡೆಯಿಂದಾದರೆ ಕೆಳಗಿನಿಂದ ಮೇಲೇರುವ ದೊಡ್ಡ ನಾಳದಲ್ಲಿ. ಅಷ್ಟು ದೊಡ್ಡ ಹರಿವಿಗೆ ಬಿದ್ದ ಔಷಧ ತಕ್ಷಣ ಬೆರೆತು ಇಡೀ ಮೈಗೆ ಹೋಗುತ್ತದೆ. ಡಬ್ಬಿ ಎಲ್ಲಿದ್ದರೂ ಕೀಮೋದ ಬಲ ಕುಗ್ಗುವುದಿಲ್ಲ.

ಎದೆ ಏಕೆ ಬೇಡ ಎನ್ನುತ್ತಿದ್ದಾರೆ? ಸಾಮಾನ್ಯವಾಗಿ ಗಂಟಿಲ್ಲದ ಕಡೆಯ ಎದೆಯ ಮೇಲೆ, ಕಾಲರ್ ಮೂಳೆಯ ಕೆಳಗೆ ಹಾಕುತ್ತಾರೆ. ನಿಮಗೆ ಆ ಕಡೆ ಉಳಿದಿಲ್ಲ. ಎಡಗಡೆ ಕರೆಂಟ್, ಅಂದರೆ ರೇಡಿಯೇಷನ್, ತಿಂದ ಚರ್ಮ, ಗಾಯ ಮಾಯುವುದು ನಿಧಾನ. ಬಲಗಡೆ ಮುಂದೆ ಆಪರೇಷನ್ ಆಗಬೇಕಾದೀತು, ಕರೆಂಟೂ ಬೇಕಾದೀತು.

ತೋಳಿನ ಪೋರ್ಟ್ ಚಿಕ್ಕದು, ಮೊಣಕೈಯಿಂದ ಮೇಲೆ ಒಳಮಗ್ಗುಲಲ್ಲಿ ಕೂರುತ್ತದೆ. ಎದೆ ಬಿಚ್ಚಬೇಕಿಲ್ಲ, ತೋಳು ಚಾಚಿದರೆ ಸಾಕು. ಹೊಲಿಗೆಗೂ ಕತ್ತರಿಗೂ ಗಾಯ ಆರಿದ ಮೇಲೆ ಅಡ್ಡಿಯಿಲ್ಲ. ತೊಡಕು ಎರಡು. ತೋಳಿನ ನಾಳ ಸಪೂರ, ಕೊಳವೆ ಅದನ್ನು ಅರ್ಧಕ್ಕಿಂತ ಹೆಚ್ಚು ತುಂಬಿದರೆ ರಕ್ತ ಹೆಪ್ಪುಗಟ್ಟೀತು. ಹಾಗಾಗಿ ಅಲ್ಟ್ರಾಸೌಂಡ್‌ನಲ್ಲಿ ಅಳೆದೇ ಹಾಕಬೇಕು. ಇನ್ನೊಂದು, ಬಲ ಕಂಕುಳಿನಲ್ಲಿ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೋ, ಎಲ್ಲವನ್ನೂ ತೆಗೆಯುತ್ತಾರೋ? ಎಲ್ಲವೂ ಹೋದರೆ ಕೈ ಬಾವಿನ ಭಯವಿದೆ. ಈ ಪ್ರಶ್ನೆಯನ್ನು ಸರ್ಜನ್‌ಗೆ ಕೇಳಿಯೇ ತೋಳಿಗೆ ಒಪ್ಪಿಕೊಳ್ಳಿ. ಕತ್ತಿನ ನಾಳದಿಂದ ಕೊಳವೆಯನ್ನು ಭುಜದ ಮೇಲೆ ಹಾಯಿಸಿ ಡಬ್ಬಿಯನ್ನು ಬೆನ್ನಿನ ಮೇಲ್ಭಾಗದಲ್ಲಿ ಇಡುವ ದಾರಿಯೂ ಉಂಟು. ಅಂಗಾತ ಮಲಗಿದಾಗ ಒತ್ತುತ್ತದೆ, ನಿಮ್ಮ ಕಣ್ಣಿಗೆ ಕಾಣುವುದೂ ಇಲ್ಲ. ಆದರೂ ನಿಮ್ಮಂಥವರಿಗೆ ಕೇಳಿನೋಡಬೇಕಾದ ಜಾಗ ಅದು.

ತೊಡೆಯನ್ನು ನಾನು ಕೊನೆಗೇ ಇಡುತ್ತೇನೆ, ಸಂಕೋಚದ ಕಾರಣಕ್ಕಲ್ಲ. ಅಲ್ಲಿ ಸೋಂಕೂ ಹೆಪ್ಪುಗಟ್ಟುವಿಕೆಯೂ ಎದೆಗಿಂತ ಹೆಚ್ಚು. ಹಾಕಲೇಬೇಕಾದರೆ ಬೆವರುವ ತೊಡೆಸಂದಿಯಿಂದ ಕೆಳಗಿಳಿಸಿ, ತೊಡೆಯ ಮುಂಭಾಗದಲ್ಲಿ ಕೂರಿಸುವಂತೆ ಕೇಳಿ. ನಿಮ್ಮದು ಕಾಲಲ್ಲಿ ತುಳಿಯುವ ಮಷಿನ್ ಆದರೆ ಡಾಕ್ಟರಿಗೆ ತಪ್ಪದೆ ಹೇಳಿ. ಇನ್ನು ಸೀರೆಯ ಚಿಂತೆ. ಹೊಲಿಗೆ ಬಲ್ಲ ನಿಮಗೆ ನಾನೇನು ಹೇಳಲಿ? ನೈಟಿಯ ಪಕ್ಕದ ಹೊಲಿಗೆ ಬಿಚ್ಚಿ ಒಂದು ಗೇಣು ಪ್ರೆಸ್ ಬಟನ್ ಹಚ್ಚಿದರೆ ಅಂಗೈಯಗಲ ಜಾಗವಷ್ಟೇ ತೆರೆದುಕೊಳ್ಳುತ್ತದೆ. ತೋಳಿಗಾದರೆ ರವಿಕೆಯ ತೋಳಿಗೂ ಹಾಗೆಯೇ. ಪರದೆ ಎಳೆಯಿರಿ, ಹೆಣ್ಣು ನರ್ಸ್ ಬರಲಿ ಎಂದು ಕೇಳುವುದಕ್ಕೆ ನಾಚಬೇಡಿ.

ಒಂದು ನೆನಪು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸಿಗೆ ಮಲಗಿಸಿಯೇ ಜಾಗ ಗುರುತು ಮಾಡಿದ್ದರು. ಎದ್ದು ಕೂತಾಗ ಪೋರ್ಟ್ ಸರಿಯಾಗಿ ಬ್ರಾ ಪಟ್ಟಿಯ ಕೆಳಗೆ ಬಂದಿತ್ತು. ತಿಂಗಳೊಳಗೆ ಅಲ್ಲಿನ ಚರ್ಮ ಕೆಂಪಾಗಿ ತೆಳುವಾಯಿತು. ಆಕೆ ಪಟ್ಟಿಯ ಕೆಳಗೆ ಮಡಚಿದ ಕರ್ಚೀಫು ಇಟ್ಟುಕೊಂಡು ಬರುತ್ತಿದ್ದರು, ದೂರು ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಬೇಕಿತ್ತು.

ಹಾಕಿದ ಮೇಲೆ ಇಷ್ಟು ನೆನಪಿರಲಿ. ಪೋರ್ಟ್‌ಗೆ ಹ್ಯೂಬರ್ ಸೂಜಿಯೇ ಆಗಬೇಕು. ಸಾಮಾನ್ಯ ಸೂಜಿ ಒಳಗಿನ ಸಿಲಿಕೋನ್ ಬಿರಡೆಯನ್ನು ಕೊರೆದು ಹಾಳುಮಾಡುತ್ತದೆ, ಊರಿನ ಕ್ಲಿನಿಕ್ಕಿನಲ್ಲಿ ಚುಚ್ಚಲು ಬಿಡಬೇಡಿ. ಪ್ರತಿ ಸಲ ಕೀಮೋ ಹಾಕುವ ಮುನ್ನ ರಕ್ತ ವಾಪಸು ಬರುತ್ತಿದೆಯೇ ಎಂದು ನರ್ಸ್ ನೋಡಬೇಕು, ನೋಡದಿದ್ದರೆ ನೀವೇ ಕೇಳಿ. ಕೊಳವೆ ತೊಳೆಯಲು ಫ್ಲಶ್ ಮಾಡಿದ ಮೇಲೆ ಚಳಿಜ್ವರ ಬಂದರೆ, ಪೋರ್ಟ್ ಸುತ್ತ ಕೆಂಪಾದರೆ, ಕೈಯೋ ಕಾಲೋ ಕುತ್ತಿಗೆಯೋ ಊದಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ಮುಂದಿನ ಭೇಟಿಗೆ ದಿನವೂ ತೊಡುವ ರವಿಕೆಯನ್ನೇ ತೊಟ್ಟು ಹೋಗಿ. ಮಷಿನ್ ಮುಂದೆ ಕೂರುವ ಹಾಗೆಯೇ ಸ್ಟೂಲಿನ ಮೇಲೆ ಕೂತು, ಪೆನ್ನಿನ ಗುರುತನ್ನು ಆಗಲೇ ಹಾಕಿಸಿಕೊಳ್ಳಿ.